ಚೆಂಡು ಬಿತ್ತು ಸರಿ, ಅದನ್ನು ಬಿಟ್ಟಿದ್ದು ಹೇಗೆ?

ಶೂಟರ್ ಒಬ್ಬನ, ಅಂದರೆ ದೂರದಿಂದ ಬಾಸ್ಕೆಟ್‌ಗೆ ಚೆಂಡು ಹಾಕುವ ಹುಡುಗನ, ವಿಡಿಯೋ ನನ್ನ ಹತ್ತಿರ ಬಂದರೆ ಮೊದಲು ಸೌಂಡ್ ಆಫ್ ಮಾಡುತ್ತೇನೆ. ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್‌ನ ಗದ್ದಲ ಎಂಥವರ ತಲೆಯನ್ನೂ ಕೆಡಿಸುತ್ತದೆ. ಬ್ಯಾಂಡು, ಡ್ರಮ್ಮು, ಹುಡುಗನ ಕೈಗೆ ಚೆಂಡು ಸಿಕ್ಕ ಕೂಡಲೇ ಎದ್ದು ನಿಲ್ಲುವ ಸಾವಿರಾರು ಜನ. ಆ ಸದ್ದಿನಲ್ಲಿ ಬಿದ್ದ ಥ್ರೀ (ದೂರದ ಗೆರೆಯಾಚೆಯಿಂದ ಹಾಕುವ ಮೂರು ಪಾಯಿಂಟ್‌ನ ಶಾಟ್), ಸುಮ್ನೆ ಬಿದ್ದ ಥ್ರೀಗಿಂತ ದೊಡ್ಡದಾಗಿ ಕಾಣುತ್ತದೆ. ನನ್ನ ಕೆಲಸ ಇಷ್ಟೇ: ಈ ಹುಡುಗರ ಮ್ಯಾಚ್‌ಗಳನ್ನು ಫ್ರೇಮ್ ಫ್ರೇಮ್ ಆಗಿ ನೋಡಿ, ಇವನು ಪ್ರೊಫೆಷನಲ್ ಆಗಿ ನಿಲ್ಲುತ್ತಾನಾ ಇಲ್ವಾ ಅಂತ ಎರಡು ಪುಟ ಬರೆದುಕೊಡುವುದು. ನಾನು ಬೆಂಗಳೂರಿನ ಸಿಮೆಂಟ್ ಕೋರ್ಟ್‌ನಲ್ಲಿ ಆಡಿ ಬೆಳೆದವನು, ದೂರದಿಂದ ಹಾಕುವವರನ್ನು ಕಂಡರೆ ಇವತ್ತಿಗೂ ಮನಸ್ಸು ಕರಗುತ್ತದೆ. ಅದಕ್ಕೇ ಈ ಮುನ್ನೆಚ್ಚರಿಕೆ.

ಹೊಸಬರು ಈ ಕೆಲಸಕ್ಕೆ ಸೇರಿದಾಗ ನಾನು ಕೊಡುವ ಮೊದಲ ಪಾಠ 2011ರ ಡ್ರಾಫ್ಟ್, ಅಂದರೆ ಅಮೆರಿಕದ ಪ್ರೊಫೆಷನಲ್ ಲೀಗ್ ಎನ್‌ಬಿಎಯ ತಂಡಗಳು ಸರದಿ ಪ್ರಕಾರ ಹೊಸ ಹುಡುಗರನ್ನು ಆರಿಸಿಕೊಳ್ಳುವುದು. ಆ ವರ್ಷ ಹತ್ತನೆಯವನಾಗಿ ಆಯ್ಕೆಯಾದವನು ಜಿಮ್ಮರ್ ಫ್ರೆಡೆಟ್. ಹನ್ನೊಂದನೆಯವನು ಕ್ಲೇ ಥಾಂಪ್ಸನ್. ಒಬ್ಬರ ಹಿಂದೆ ಒಬ್ಬರು. ಕಾಲೇಜಿನ ಕೊನೆಯ ಸೀಸನ್‌ನಲ್ಲಿ ಜಿಮ್ಮರ್ ಮೂರು ಪಾಯಿಂಟ್ ಗೆರೆಯಾಚೆಯಿಂದ ಶೇ. 39.6 ಹಾಕಿದ್ದ, ಕ್ಲೇ ಶೇ. 39.8. ಹೆಚ್ಚುಕಮ್ಮಿ ಒಂದೇ ಅಲ್ವಾ? ಪಾಯಿಂಟ್ ಲೆಕ್ಕಕ್ಕೆ ಬಂದರೆ ಜಿಮ್ಮರ್ ಎಲ್ಲೋ ಮುಂದೆ. ಯೂಟಾದ ಬಿವೈಯು ಕಾಲೇಜಿಗೆ ಆಡುತ್ತಾ ಮ್ಯಾಚಿಗೆ ಸರಾಸರಿ 28.9 ಪಾಯಿಂಟ್, ಆ ವರ್ಷ ಇಡೀ ದೇಶಕ್ಕೇ ಮೊದಲು. ಮುಂದೆ ಎನ್‌ಬಿಎ ಸ್ಟಾರ್ ಆದ ಕವಾಯ್ ಲೆನರ್ಡ್ ಇದ್ದ ಸ್ಯಾನ್ ಡಿಯಾಗೋ ಸ್ಟೇಟ್ ಮೇಲೆ 43, ನ್ಯೂ ಮೆಕ್ಸಿಕೋ ಮೇಲೆ 52. ಅವನ ಹೆಸರೇ ಕ್ರಿಯಾಪದ ಆಗಿಬಿಟ್ಟಿತ್ತು, ಅವನ ಕೈಲಿ ಹೊಡೆಸಿಕೊಂಡ ತಂಡಕ್ಕೆ ‘ಜಿಮ್ಮರ್ಡ್’ ಅನ್ನುತ್ತಿದ್ದರು. ವಾಷಿಂಗ್ಟನ್ ಸ್ಟೇಟ್‌ನ ಕ್ಲೇ ಬಗ್ಗೆ ಅಷ್ಟು ಸದ್ದೇ ಇರಲಿಲ್ಲ.

ಮುಂದಿನದು ಗೊತ್ತೇ ಇದೆ. ಕ್ಲೇ ಗೋಲ್ಡನ್ ಸ್ಟೇಟ್ ತಂಡದ ಜೊತೆ ನಾಲ್ಕು ಚಾಂಪಿಯನ್‌ಶಿಪ್ ಗೆದ್ದ. ಜಿಮ್ಮರ್‌ನನ್ನು ಸ್ಯಾಕ್ರಮೆಂಟೊ ತಂಡ ಮೂರನೇ ಸೀಸನ್ ಮುಗಿಯುವ ಮೊದಲೇ ಬಿಟ್ಟುಬಿಟ್ಟಿತು. ಅಲ್ಲಿಂದ ಒಂದು ತಂಡ, ಇನ್ನೊಂದು ತಂಡ, ಆಮೇಲೆ ಚೀನಾ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ‘ಎನ್‌ಬಿಎ ಗೆರೆ ದೂರ, ಅಲ್ಲಿಂದ ಅವನಿಗೆ ಬೀಳಲಿಲ್ಲ’ ಅನ್ನುತ್ತಾರೆ. ಗೆರೆ ದೂರ ಇದ್ದದ್ದು ನಿಜ. ಆಗ ಕಾಲೇಜು ಗೆರೆ 6.32 ಮೀಟರ್, ಎನ್‌ಬಿಎ ಗೆರೆ 7.24 ಮೀಟರ್, ಮೂಲೆಗಳಲ್ಲಿ ಮಾತ್ರ 6.71. ಆದರೆ ಜಿಮ್ಮರ್ ಕಾಲೇಜಿನಲ್ಲೇ ಗೆರೆಗಿಂತ ಎರಡು ಹೆಜ್ಜೆ ಹಿಂದಿನಿಂದ ಹಾಕುತ್ತಿದ್ದವನು. ಎನ್‌ಬಿಎಯಲ್ಲೂ ಅವನ ಥ್ರೀ ಶೇ. 37ರ ಆಸುಪಾಸಿನಲ್ಲೇ ಇತ್ತು, ಅಂದರೆ ಲೀಗಿನ ಸರಾಸರಿಗಿಂತ ಒಂದು ತೂಕ ಮೇಲೆ. ಶಾಟ್ ಕೈ ಕೊಡಲಿಲ್ಲ. ಆ ಶಾಟ್ ಹಾಕಲು ಬೇಕಾದ ಪರಿಸ್ಥಿತಿ ಅವನ ಜೊತೆ ಬಸ್ಸು ಹತ್ತಲಿಲ್ಲ, ಅಷ್ಟೇ.

ಕಾಲೇಜಿನಲ್ಲಿ ಚೆಂಡು ಸದಾ ಅವನ ಕೈಯಲ್ಲೇ ಇರುತ್ತಿತ್ತು. ತಾನೇ ಡ್ರಿಬಲ್ ಮಾಡಿಕೊಂಡು ಬಂದು, ಒಂದು ಕ್ಷಣ ತಡೆದು, ಎದುರಿನವನ ತೂಕ ಹಿಂಗಾಲಿಗೆ ಬಿದ್ದ ಕೂಡಲೇ ಎದ್ದು ಹಾಕುವುದು ಅವನ ಶೈಲಿ. ಎನ್‌ಬಿಎಯಲ್ಲಿ ಹೊಸಬನಿಗೆ ಚೆಂಡು ಹಾಗೆ ಕೊಡುವುದಿಲ್ಲ. ತನ್ನನ್ನು ಕಾಯುವವನನ್ನು ದಾಟಿ ಬಾಸ್ಕೆಟ್ ತನಕ ಹೋಗುವ ವೇಗ ಇದ್ದರೆ ಕೊಡುತ್ತಾರೆ, ಇಲ್ಲದಿದ್ದರೆ ಮೂಲೆಗೆ ಹೋಗಿ ನಿಂತುಕೋ ಅನ್ನುತ್ತಾರೆ. ಮೂಲೆಯಲ್ಲಿ ನಿಲ್ಲುವ ಕೆಲಸಕ್ಕೆ 188 ಸೆಂಟಿಮೀಟರ್ ಎತ್ತರದವನು ಯಾಕೆ, ಎರಡು ಮೀಟರ್ ಎತ್ತರದವನೇ ಸಿಗುತ್ತಾನಲ್ಲ.

ಕ್ಲೇ ಎತ್ತರ 198 ಸೆಂಟಿಮೀಟರ್, ಚಾಚಿದ ಕೈಗಳ ಅಳತೆ ಅದಕ್ಕಿಂತ ಜಾಸ್ತಿ. ಅದಕ್ಕಿಂತ ಮುಖ್ಯ, ಅವನಿಗೆ ಚೆಂಡೇ ಬೇಕಿರಲಿಲ್ಲ. ಮಾತು ವಿಚಿತ್ರ ಅನ್ನಿಸಿದರೆ 2016ರ ಡಿಸೆಂಬರ್‌ನಲ್ಲಿ ಇಂಡಿಯಾನಾ ವಿರುದ್ಧದ ಮ್ಯಾಚ್ ನೋಡಿ. 29 ನಿಮಿಷ ಆಡಿ 60 ಪಾಯಿಂಟ್. ಅಷ್ಟಕ್ಕೆ ಅವನು ಮಾಡಿದ ಡ್ರಿಬಲ್ ಒಟ್ಟು 11. ಓಡು, ಸ್ಕ್ರೀನ್ (ಡಿಫೆಂಡರ್‌ಗೆ ಅಡ್ಡ ನಿಂತ ಜೊತೆಗಾರ) ಸುತ್ತಿ ಬಾ, ಹಿಡಿ, ಬಿಡು. ಅದೇ ತಂಡದ ಸ್ಟಾರ್‌ಗಳಾದ ಸ್ಟೆಫನ್ ಕರಿ ಚೆಂಡು ಇಟ್ಟುಕೊಂಡಿದ್ದರೂ, ಕೆವಿನ್ ಡ್ಯುರಾಂಟ್ ಇಟ್ಟುಕೊಂಡಿದ್ದರೂ ಈ ಮನುಷ್ಯನ ಕೆಲಸಕ್ಕೆ ಅಡ್ಡಿಯಿಲ್ಲ. ಇಂಥ ಶಾಟ್ ಯಾವ ತಂಡಕ್ಕೆ ಹೋದರೂ ಜೊತೆಗೆ ಬರುತ್ತದೆ.

ಹಾಗಾಗಿ ನಾನು ಶಾಟ್‌ಗಳನ್ನು ಬಿದ್ದದ್ದು, ಬೀಳದ್ದು ಅಂತ ವಿಂಗಡಿಸುವ ಮೊದಲು ಹೇಗೆ ಸಿಕ್ಕಿದ್ದು ಅಂತ ವಿಂಗಡಿಸುತ್ತೇನೆ. ನಿಂತಲ್ಲೇ ಹಿಡಿದು ಹಾಕಿದ್ದು ಎಷ್ಟು, ಎಡಕ್ಕೆ ಓಡುತ್ತಾ ಎಷ್ಟು, ಬಲಕ್ಕೆ ಎಷ್ಟು (ಬಹಳ ಹುಡುಗರಿಗೆ ಒಂದು ಕಡೆಗೆ ಓಡಿದರೆ ಕಾಲು ಸರಿಯಾಗಿ ಕೂರುವುದಿಲ್ಲ, ಇದು ಹೈಲೈಟ್ಸ್‌ನಲ್ಲಿ ಎಂದೂ ಕಾಣುವುದಿಲ್ಲ), ಡ್ರಿಬಲ್ ಮೇಲೆ ಎಷ್ಟು, ಮುಖದ ಮುಂದೆ ಕೈ ಇದ್ದಾಗ ಎಷ್ಟು. ಆಮೇಲೆ ಚೆಂಡು ಬೆರಳಿಗೆ ತಾಗಿದ ಫ್ರೇಮ್‌ನಿಂದ ಬೆರಳು ಬಿಟ್ಟ ಫ್ರೇಮ್‌ವರೆಗೆ ಎಣಿಸುತ್ತೇನೆ. ಸೆಕೆಂಡಿಗೆ 30 ಫ್ರೇಮ್ ಇರುವ ವಿಡಿಯೋದಲ್ಲಿ ಆರು ಫ್ರೇಮ್ ಅಂದರೆ 0.2 ಸೆಕೆಂಡು. ಸೆಕೆಂಡಿಗೆ ಐದು ಮೀಟರ್ ವೇಗದಲ್ಲಿ ಓಡಿ ಬರುವ ಡಿಫೆಂಡರ್ ಅಷ್ಟರಲ್ಲಿ ಒಂದು ಮೀಟರ್ ಹತ್ತಿರ ಬಂದಿರುತ್ತಾನೆ, ಅವನ ಕೈ ಉದ್ದ ಬೇರೆ. ಚೆಂಡು ಹಿಡಿದ ಮೇಲೆ ಅದನ್ನು ಸೊಂಟದ ತನಕ ಇಳಿಸಿ ಮತ್ತೆ ಎತ್ತುವ ಹುಡುಗರಿದ್ದಾರೆ. ಕಾಲೇಜಿನಲ್ಲಿ ಅದು ನಡೆಯುತ್ತದೆ. ಮೇಲೆ ಹೋದಾಗ ಆ ಆರು ಫ್ರೇಮ್‌ಗಳೇ ಅವರ ಸಂಬಳ ತಿನ್ನುತ್ತವೆ. ರಣಜಿಯಲ್ಲಿ ರಾಶಿ ರನ್ ಮಾಡಿದ ಬ್ಯಾಟ್ಸ್‌ಮನ್ 145 ಕಿಲೋಮೀಟರ್ ವೇಗದ ಬಾಲ್ ಮುಂದೆ ಬ್ಯಾಟ್ ಎತ್ತುವಷ್ಟರಲ್ಲಿ ಸ್ಟಂಪ್ ಹಾರಿರುತ್ತಲ್ಲ, ಹಾಗೆ.

ಬೀಳದ ಶಾಟ್‌ಗಳನ್ನೂ ಬಿಡುವುದಿಲ್ಲ. ರಿಮ್‌ನ ಮುಂದೆ ಅಥವಾ ಹಿಂದೆ ತಾಗಿ ಹೋಗುವವನ ಬಗ್ಗೆ ನನಗೆ ಚಿಂತೆ ಕಡಿಮೆ, ಅದು ಕಾಲಿನ ಶಕ್ತಿಯದ್ದು, ದಣಿವಿನದ್ದು, ಸರಿಮಾಡಬಹುದು. ಎಡಕ್ಕೂ ಬಲಕ್ಕೂ ಹೋಗುತ್ತಿದ್ದರೆ ಕೈಯಲ್ಲೇ ಏನೋ ಸಡಿಲ ಇದೆ ಅಂತ ಲೆಕ್ಕ.

ಈಗ ಶೇಕಡಾವಾರು ಬಗ್ಗೆ ಹೇಳಲೇಬೇಕು, ಯಾಕೆಂದರೆ ಎಲ್ಲರೂ ಮೊದಲು ಕೇಳುವುದು ಅದನ್ನೇ. ಒಬ್ಬ ಹುಡುಗ ನಿಜವಾಗಿ ಶೇ. 40ರ ಶೂಟರ್ ಅಂತ ಇಟ್ಟುಕೊಳ್ಳಿ. ಸೀಸನ್‌ನಲ್ಲಿ 150 ಥ್ರೀ ಹಾಕಿದ. 60 ಬೀಳಬೇಕು. ಬರೀ ಅದೃಷ್ಟದಿಂದಲೇ ಆರು ಆಚೆ, ಆರು ಈಚೆ ಆಗುವುದು ಮಾಮೂಲು. 66 ಬಿದ್ದರೆ ಶೇ. 44, ಪೇಪರ್‌ನಲ್ಲಿ ‘ಸ್ನೈಪರ್’ ಅಂತ ಬರುತ್ತದೆ. 54 ಬಿದ್ದರೆ ಶೇ. 36, ಆಗ ಅವನನ್ನು ಯಾರೂ ಮಾತಾಡಿಸುವುದಿಲ್ಲ. ಹುಡುಗ ಒಬ್ಬನೇ, ಕೈ ಅದೇ. ಮೂರು ಸೀಸನ್‌ಗೊಮ್ಮೆ ಈ ಗಡಿಯನ್ನೂ ದಾಟುತ್ತದೆ.

ರೀಡ್ ಶೆಪರ್ಡ್ ಕೆಂಟಕಿಯಲ್ಲಿ 2023-24ರ ಒಂದೇ ಸೀಸನ್ ಆಡಿ 144ಕ್ಕೆ 75 ಹಾಕಿದ, ಶೇ. 52. ಹ್ಯೂಸ್ಟನ್ ಅವನನ್ನು ಮೂರನೆಯವನಾಗಿ ಆರಿಸಿಕೊಂಡಿತು. ಮೊದಲ ಎನ್‌ಬಿಎ ಸೀಸನ್‌ನಲ್ಲಿ ಶೇ. 34ರ ಹತ್ತಿರ. ಹುಡುಗ ಒಳ್ಳೆಯ ಶೂಟರ್ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ, ಆದರೆ ಶೇ. 52 ಅನ್ನುವುದು ಯಾರ ಕೈಲೂ ಉಳಿಯುವ ಸಂಖ್ಯೆ ಅಲ್ಲ. ಹೊಸಬನಿಗೆ ಸಿಗುವ ನಿಮಿಷವೂ ಕಮ್ಮಿ, ಬೆಂಚಿನಿಂದ ತಣ್ಣಗೆ ಎದ್ದು ಬಂದು ಎರಡು ಶಾಟ್ ಹಾಕಿ ಮತ್ತೆ ಕೂರಬೇಕು. ಇಪ್ಪತ್ತು ಶಾಟ್ ಹಾಕಿ ಕೈ ಬಿಸಿ ಮಾಡಿಕೊಂಡು ಅಭ್ಯಾಸ ಇರುವವನಿಗೆ ಇದು ಬೇರೆಯದೇ ಆಟ.

ಅದಕ್ಕೇ ಫ್ರೀ ಥ್ರೋ, ಅಂದರೆ ಫೌಲ್ ಆದಾಗ ಸಿಗುವ ಶಾಟ್, ನೋಡುವುದು. ಪ್ರತಿ ಸಲ ಅದೇ 4.57 ಮೀಟರ್, ಎದುರಿಗೆ ಯಾರೂ ಇಲ್ಲ, ಅವಸರ ಇಲ್ಲ. ಕೈ ಎಂಥದ್ದು ಅಂತ ಬೆತ್ತಲೆಯಾಗಿ ತೋರಿಸುವುದು ಅದೊಂದೇ. ಥ್ರೀ ಶೇ. 43 ಇದ್ದು ಫ್ರೀ ಥ್ರೋ ಶೇ. 68 ಇದ್ದರೆ ನಾನು ಫ್ರೀ ಥ್ರೋವನ್ನು ನಂಬುತ್ತೇನೆ. ಈ ಕೆಲಸದಲ್ಲಿರುವ ಬಹುತೇಕರು ಹಾಗೇ ಮಾಡುತ್ತಾರೆ. ಡ್ಯೂಕ್‌ನಲ್ಲಿ ನಾಲ್ಕು ವರ್ಷ ಆಡಿದ ಜೆಜೆ ರೆಡಿಕ್‌ನ ಫ್ರೀ ಥ್ರೋ ಶೇ. 91. ಅವನ ಕೈ ಬಗ್ಗೆ ಯಾರೂ ಎರಡನೇ ಮಾತಾಡಲಿಲ್ಲ.

ಮಾತಾಡಿದ್ದು ಅವನ ಉಳಿದ ಮೈ ಬಗ್ಗೆ. ಕೈ ಗಿಡ್ಡ, ಕಾಲು ನಿಧಾನ, ಯಾರನ್ನು ಕಾಯುತ್ತಾನೆ? 2006ರಲ್ಲಿ ಒರ್ಲಾಂಡೋ ಅವನನ್ನು ಹನ್ನೊಂದನೆಯವನಾಗಿ ತೆಗೆದುಕೊಂಡು ಬೆಂಚಿನಲ್ಲಿ ಕೂರಿಸಿತು. ಎರಡನೇ ವರ್ಷ ಆಡಿದ್ದು 34 ಮ್ಯಾಚ್ ಮಾತ್ರ. ಅದೇ ಡ್ರಾಫ್ಟ್‌ನಲ್ಲಿ ಮೂರನೆಯವನಾಗಿ ಹೋದ ಆಡಮ್ ಮಾರಿಸನ್, ಗೊನ್ಜಾಗಾದ ಹೀರೋ, ಮ್ಯಾಚಿಗೆ 28 ಪಾಯಿಂಟ್ ಹಾಕಿದವನು, ಮಂಡಿ ಮುರಿದುಕೊಂಡು ಕೆಲವೇ ವರ್ಷಗಳಲ್ಲಿ ಮರೆಯಾದ. ರೆಡಿಕ್ 15 ಸೀಸನ್ ಆಡಿದ. 2024ರಲ್ಲಿ ಲೇಕರ್ಸ್ ತಂಡದ ಕೋಚ್ ಕೂಡ ಆದ. ಕಾಲೇಜಿನ ದಿನಗಳಿಂದಲೂ ಅವನು ನಿಲ್ಲದೆ ಓಡುವವನು, ಆ ಓಟ ಜೊತೆಗೆ ಬಂತು. ಡಿಫೆನ್ಸ್‌ನಲ್ಲಿ ಸ್ಟಾರ್ ಆಗಲಿಲ್ಲ, ಆದರೆ ಎಲ್ಲಿ ನಿಲ್ಲಬೇಕು ಅಂತ ಕಲಿತ, ತೊಂದರೆ ಕೊಡದಷ್ಟು ಆದ. ಶೂಟರ್‌ನಿಂದ ಕೋಚ್ ಕೇಳುವುದೂ ಅಷ್ಟೇ.

ಅಷ್ಟೂ ಆಗದಿದ್ದರೆ ಏನಾಗುತ್ತದೆ? ಎದುರು ತಂಡ ಬೇಟೆ ಶುರು ಮಾಡುತ್ತದೆ. ನಿಮ್ಮ ಶೂಟರ್ ಕಾಯುತ್ತಿರುವವನನ್ನು ಕರೆದು ಸ್ಕ್ರೀನ್ ಹಾಕಿಸುತ್ತಾರೆ, ಸ್ವಿಚ್ ಆಗುತ್ತದೆ (ಯಾರು ಯಾರನ್ನು ಕಾಯಬೇಕು ಅನ್ನುವುದು ಅದಲುಬದಲಾಗುತ್ತದೆ), ಈಗ ಅವರ ದೊಡ್ಡ ಆಟಗಾರನ ಮುಂದೆ ನಿಮ್ಮ ಶೂಟರ್ ಒಬ್ಬನೇ. ಒಂದು ಸಲ ಅಲ್ಲ, ಸತತ ಆರು ಸಲ. ಇವನು ಆ ಕಡೆ ಎರಡು ಥ್ರೀ ಹಾಕಿ ಆರು ಪಾಯಿಂಟ್ ತಂದ, ಈ ಕಡೆ ಹತ್ತು ಬಿಟ್ಟ. ಕೋಚ್ ಟವೆಲ್ ಕೊಟ್ಟು ಕೂರಿಸುತ್ತಾನೆ. ಡಂಕನ್ ರಾಬಿನ್ಸನ್ ಕಥೆ ಇದಕ್ಕೆ ಚೆನ್ನಾಗಿದೆ. 2018ರಲ್ಲಿ ಯಾರೂ ಡ್ರಾಫ್ಟ್ ಮಾಡದ ಹುಡುಗ, 2019-20ರಲ್ಲಿ ಮಯಾಮಿಗೆ ಶೇ. 44ಕ್ಕೂ ಮೇಲೆ ಥ್ರೀ ಹಾಕಿ, 2021ರಲ್ಲಿ ಐದು ವರ್ಷಕ್ಕೆ 9 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡ. ಮರುವರ್ಷವೇ ಮೊದಲ ಐದರಿಂದ ಹೊರಗೆ. ಅವನ ಜಾಗಕ್ಕೆ ಬಂದವನು ಮ್ಯಾಕ್ಸ್ ಸ್ಟ್ರೂಸ್, ಅವನನ್ನೂ ಯಾರೂ ಡ್ರಾಫ್ಟ್ ಮಾಡಿರಲಿಲ್ಲ, ಅವನೂ ಶೂಟರ್, ಆದರೆ ಡಿಫೆನ್ಸ್‌ನಲ್ಲಿ ಸ್ವಲ್ಪ ಗಟ್ಟಿ.

ಇಷ್ಟು ಹೇಳಿದಾಗ ಒಬ್ಬರಾದರೂ ಕರಿ ಹೆಸರು ತೆಗೆಯುತ್ತಾರೆ. ಸ್ಟೆಫನ್ ಕರಿಯೂ ಸಣ್ಣವನೇ ಅಲ್ವಾ, ಡೇವಿಡ್ಸನ್ ಅನ್ನುವ ಸಣ್ಣ ಕಾಲೇಜಿನಿಂದ ಬಂದವನೇ ಅಲ್ವಾ? ಹೌದು, 2009ರಲ್ಲಿ ಏಳನೆಯವನಾಗಿ ಹೋದ. ಆದರೆ ಕೊನೆಯ ವರ್ಷ ಅವನನ್ನು ಪಾಯಿಂಟ್ ಗಾರ್ಡ್ (ಚೆಂಡು ತಂದು ಆಟ ನಡೆಸುವವನು) ಮಾಡಿದಾಗ ಏನಾಯಿತು ನೋಡಿ: ಅಸಿಸ್ಟ್ (ಬಾಸ್ಕೆಟ್ ಬೀಳಿಸಿಕೊಟ್ಟ ಪಾಸ್) ಮ್ಯಾಚಿಗೆ 2.9ರಿಂದ 5.6ಕ್ಕೆ ಏರಿತು, ಪಾಯಿಂಟ್ ಇಳಿಯಲೇ ಇಲ್ಲ, 28.6ಕ್ಕೆ ಹೋಯಿತು. ಇಬ್ಬರು ಮೈಮೇಲೆ ಬಿದ್ದಾಗ ಮೂರನೆಯವನನ್ನು ಹುಡುಕುವ ಕಣ್ಣು ಅವನಿಗಿತ್ತು. ಸಣ್ಣ ಶೂಟರ್‌ಗಳ ವಿಡಿಯೋದಲ್ಲಿ ನಾನು ಥ್ರೀಗಿಂತ ಆ ಪಾಸ್ ಹುಡುಕುತ್ತೇನೆ. ಸಿಗುವುದು ಅಪರೂಪ.

ನಾನೂ ಎಡವಿದ್ದೇನೆ. ಕೆಲವು ವರ್ಷದ ಹಿಂದೆ ಒಬ್ಬ ಹುಡುಗನ ಬಗ್ಗೆ ಕಣ್ಣು ಮುಚ್ಚಿಕೊಂಡು ‘ತಗೊಳ್ಳಿ’ ಅಂತ ಬರೆದೆ. ಫ್ರೀ ಥ್ರೋ ಚೆನ್ನಾಗಿತ್ತು, ಬಿಡುವ ವೇಗ ಚೆನ್ನಾಗಿತ್ತು, ಎತ್ತರವೂ ಪರವಾಗಿಲ್ಲ. ನೋಡದೇ ಹೋದದ್ದು ಒಂದೇ: ಅವನ ಕಾಲೇಜಿನ ಕೋಚ್ ಪ್ರತಿ ಆಟವನ್ನೂ ಅವನಿಗಾಗಿಯೇ ಹೆಣೆದಿದ್ದ, ಇಬ್ಬರು ದೊಡ್ಡ ಹುಡುಗರು ಗೋಡೆ ಥರ ನಿಂತು ಅವನಿಗೆ ದಾರಿ ಮಾಡಿಕೊಡುತ್ತಿದ್ದರು. ಟ್ರೈಔಟ್‌ಗೆ ಹೋದಾಗ ಆ ಗೋಡೆ ಇರಲಿಲ್ಲ. ಪಾಪ, ಮೂರು ದಿನದಲ್ಲಿ ಅವನಿಗೆ ಸಿಕ್ಕ ಒಳ್ಳೆಯ ಶಾಟ್ ಬೆರಳೆಣಿಕೆ. ಈಗ ಯುರೋಪಿನ ಎರಡನೇ ದರ್ಜೆಯ ಲೀಗಿನಲ್ಲಿ ಆಡುತ್ತಿದ್ದಾನೆ, ಸಂಸಾರ ನಡೆಯುತ್ತಿದೆ. ಆಮೇಲಿಂದ ಗೆದ್ದ ಮ್ಯಾಚ್‌ಗಿಂತ ಸೋತ ಮ್ಯಾಚ್ ನೋಡುವುದು ಜಾಸ್ತಿ ಮಾಡಿದೆ. ಗೋಡೆ ಕುಸಿದಾಗ ಹುಡುಗ ಏನು ಮಾಡುತ್ತಾನೆ ಅನ್ನುವುದು ಅಲ್ಲೇ ಗೊತ್ತಾಗುವುದು.

ಪ್ರೊಫೆಷನಲ್ ಅಂದರೆ ಎನ್‌ಬಿಎ ಒಂದೇ ಅಲ್ಲ ಅನ್ನುವುದನ್ನೂ ವರದಿಯಲ್ಲಿ ಬರೆಯಬೇಕು. ಅಲ್ಲಿರುವುದು 30 ತಂಡ, ತಂಡಕ್ಕೆ 15 ಪೂರ್ಣ ಒಪ್ಪಂದ. ಹೊರಗಿನ ಲೋಕ ದೊಡ್ಡದು, ಅಲ್ಲಿನ ಗೆರೆ 6.75 ಮೀಟರ್, ಕಾಲೇಜಿನವರೂ 2019ರಿಂದ ಅದೇ ಗೆರೆಗೆ ಬಂದಿದ್ದಾರೆ. ಜಿಮ್ಮರ್ ಶಾಂಘೈ ಶಾರ್ಕ್ಸ್ ತಂಡಕ್ಕೆ ಹೋದಾಗ ಚೆಂಡು ಮತ್ತೆ ಅವನ ಕೈಗೆ ಬಂತು, 2017ರಲ್ಲಿ ಒಂದೇ ಮ್ಯಾಚ್‌ನಲ್ಲಿ 73 ಹಾಕಿದ. ಮುಂದೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ 3x3 (ಒಂದೊಂದು ಕಡೆ ಮೂವರು ಆಡುವ ಬಾಸ್ಕೆಟ್‌ಬಾಲ್) ತಂಡಕ್ಕೂ ಆಡಿದ. ಅವನನ್ನು ‘ಫೇಲ್’ ಅನ್ನುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಈ ವಾರ ಮೇಜಿನ ಮೇಲೆ ಇನ್ನೊಬ್ಬ ಇದ್ದಾನೆ. 22 ವರ್ಷ, ಶೇ. 43, 196 ಸೆಂಟಿಮೀಟರ್, ಬಲಕ್ಕೆ ಓಡಿದರೆ ಚೆನ್ನ, ಎಡಕ್ಕೆ ಓಡಿದ್ದು ಹನ್ನೆರಡು ನಿಮಿಷದ ವಿಡಿಯೋದಲ್ಲಿ ಒಂದೂ ಇಲ್ಲ. ಹೈಸ್ಕೂಲಿನ ಫ್ರೀ ಥ್ರೋ ಲೆಕ್ಕ ಕೇಳಿದ್ದೇನೆ, ಸೋತ ನಾಲ್ಕು ಮ್ಯಾಚ್ ಪೂರ್ತಿ ಕಳಿಸಿ ಅಂತಲೂ ಕೇಳಿದ್ದೇನೆ. ನಿನ್ನೆ ಏಜೆಂಟ್ ಕಡೆಯಿಂದ ಮೇಲ್ ಬಂತು. ತೆಗೆದು ನೋಡಿದರೆ ಮತ್ತೆ ಹೈಲೈಟ್ಸೇ, ಈ ಸಲ ಹಿಂದೆ ಹಾಡು ಬೇರೆ ಹಾಕಿದ್ದಾರೆ.