24 ತಾಸಿನ ನೀರು ಹತ್ತರಲ್ಲಿ ಒಂದು ಪಾಲಿಗೇ ನಿಂತ ಕಥೆ

ಹುಬ್ಬಳ್ಳಿ-ಧಾರವಾಡದಲ್ಲಿ "ನಿಮ್ಮ ಕಡೆ ನಳ ಯಾವಾಗ?" ಅಂತ ಕೇಳಿದರೆ ಯಾರೂ ಆಶ್ಚರ್ಯಪಡುವುದಿಲ್ಲ. ಐದು ದಿನಕ್ಕೊಮ್ಮೆ, ಎಂಟು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಇನ್ನೂ ತಡ. ಜನ ಮದುವೆ, ಪ್ರವಾಸಗಳನ್ನೂ ನೀರಿನ ಪಾಳಿ ನೋಡಿಕೊಂಡೇ ಹೊಂದಿಸುತ್ತಾರೆ. ಆದರೆ ಇದೇ ಅವಳಿ ನಗರದ ಕೆಲವು ಬಡಾವಣೆಗಳಿಗೆ 2008ರ ಹೊತ್ತಿಗೇ ದಿನದ 24 ತಾಸು ನೀರು ಬಂತು. ಈ ಓಣಿಯಲ್ಲಿ ನಳ ತಿರುಗಿಸಿದರೆ ನೀರು, ಆಚೆ ಓಣಿಯಲ್ಲಿ ಬ್ಯಾರಲ್ಲುಗಳ ಸಾಲು. ಹಾಗಾದರೆ ಉಳಿದವರಿಗೆ ಯಾಕೆ ಬರಲಿಲ್ಲ?

ಸ್ವಲ್ಪ ಹಿಂದಕ್ಕೆ ಹೋಗೋಣ. ಹುಬ್ಬಳ್ಳಿ ಒಂದು ಕಾಲದಲ್ಲಿ ಉಣಕಲ್ ಕೆರೆಯ ನೀರು ಕುಡಿದ ಊರು. ಅದು ಸಾಲದೆ 1955ರಲ್ಲಿ ಕಲಘಟಗಿ ಕಡೆಯ ನೀರಸಾಗರ ಜಲಾಶಯ ಬಂತು. 1962ರಲ್ಲಿ ಎರಡೂ ಊರು ಸೇರಿ ಒಂದೇ ಪಾಲಿಕೆ ಆಯಿತು. ಮುಂದೆ ಸವದತ್ತಿ ಹತ್ತಿರದ ನವಿಲುತೀರ್ಥ ಅಣೆಕಟ್ಟಿನಿಂದ ಮಲಪ್ರಭೆ ನೀರನ್ನೇ ತಂದು, ಅಮ್ಮಿನಬಾವಿಯಲ್ಲಿ ಶುದ್ಧ ಮಾಡಿ ಹರಿಸಿದರು. ಪ್ರತಿ ಸಲ ಕೊರತೆ ಬಂದಾಗಲೂ ಉತ್ತರ ಒಂದೇ: ಇನ್ನಷ್ಟು ದೂರದಿಂದ, ಇನ್ನಷ್ಟು ನೀರು. ತಂದ ನೀರು ಊರೊಳಗೆ ಏನಾಗುತ್ತದೆ ಅಂತ ಅಗೆದು ನೋಡಿದವರು ಕಡಿಮೆ.

ನೋಡಬೇಕಾದದ್ದು ಅಲ್ಲೇ ಇತ್ತು. ಪಾಳಿ ಪ್ರಕಾರ ನೀರು ಬಿಡುವ ಊರಿನಲ್ಲಿ ವಾಲ್ವ್‌ಮನ್‌ನೇ ದೊರೆ. ಉದ್ದನೆಯ ಕಬ್ಬಿಣದ ಕೀಲಿ ಹಿಡಿದು ರಸ್ತೆ ಬದಿಯ ಗುಂಡಿಗೆ ಇಳಿಸಿ ತಿರುಗಿಸುತ್ತಾನೆ. ಒಂದು ಓಣಿ ಬಂದ್, ಇನ್ನೊಂದು ಚಾಲೂ. ಬಂದ್ ಆದ ಓಣಿಯ ಪೈಪಿನಿಂದ ನೀರು ತಗ್ಗಿನ ಕಡೆ ಇಳಿದುಹೋಗುತ್ತದೆ. ಒಳಗೆ ಒತ್ತಡವೇ ಇಲ್ಲ. ಮನೆಗಳಿಗೆ ಹೋಗುವ ಸಣ್ಣ ಪೈಪುಗಳು ಎಷ್ಟೋ ಕಡೆ ಗಟಾರ ದಾಟಿಯೇ ಹೋಗಿರುತ್ತವೆ. ಒಂದು ಸಂದಿ ಸಿಕ್ಕರೆ ಸಾಕು, ಖಾಲಿ ಪೈಪು ಹೊರಗಿನ ಹೊಲಸನ್ನು ಒಳಗೆಳೆದುಕೊಳ್ಳುತ್ತದೆ. ಮುಂದಿನ ಪಾಳಿಯಲ್ಲಿ ನೀರು ಬಂದಾಗ ಅದೆಲ್ಲ ಮೊದಲ ಕೊಡಕ್ಕೆ ಬೀಳುತ್ತದೆ. ಮೊದಲ ಕೊಡದ ಕಂದು ನೀರನ್ನು ಭಾಂಡೆ ತೊಳೆಯಲು ತೆಗೆದಿಡುವ ರೂಢಿ ಸುಮ್ನೆ ಬಂದದ್ದಲ್ಲ.

ಪಾಳಿ ನೀರಿನಿಂದ ಉಳಿತಾಯ ಆಗುತ್ತದೆ ಅನ್ನುವುದೂ ಅರ್ಧ ಸತ್ಯ. ಎಷ್ಟೋ ಮನೆಯಲ್ಲಿ ನಳಕ್ಕೆ ತೋಟಿಯೇ ಇರುವುದಿಲ್ಲ. ಹೊಸ ನೀರು ಬಂತು ಅಂದರೆ ಹಳೇ ನೀರು ಗಟಾರಕ್ಕೆ.

ಈ ಚಕ್ರ ಮುರಿಯಲು ಆದ ಪ್ರಯೋಗವೇ ಕರ್ನಾಟಕ ನಗರ ನೀರು ವಲಯ ಸುಧಾರಣಾ ಯೋಜನೆ. 2004ರಲ್ಲಿ ವಿಶ್ವಬ್ಯಾಂಕ್ ಸಾಲ ಮಂಜೂರಾಯಿತು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯಲ್ಲಿ ಐದು ವಲಯ ಆರಿಸಿದರು. ಮೂರೂ ನಗರದ ಜನಸಂಖ್ಯೆಯಲ್ಲಿ ಸುಮಾರು ಶೇ 10ರಷ್ಟು ಜನ. ನಡೆಸುವ ಗುತ್ತಿಗೆ ಫ್ರಾನ್ಸಿನ ವಿಯೋಲಿಯಾ ಕಂಪನಿಗೆ. ಹಳೇ ಪೈಪಿಗೆ ತೇಪೆ ಹಾಕುವ ಗೋಜಿಗೇ ಹೋಗದೆ ಹೊಸ ಜಾಲವನ್ನೇ ಹಾಕಿದರು, ಮನೆಮನೆಗೆ ಮೀಟರ್ ಕೂರಿಸಿದರು. ಸೋರಿಕೆ ಭಾರೀ ಇಳಿಯಿತು. ದಕ್ಷಿಣ ಏಷ್ಯಾದಲ್ಲಿ ಇದು ಆಗದ ಮಾತು ಅನ್ನುತ್ತಿದ್ದವರು ಬಂದು ನೋಡಿ ಹೋದರು.

ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರೂ ಬಂದರು, ಎರಡೂ ಬಗೆಯ ಓಣಿಗಳನ್ನು ಹೋಲಿಸಿದರು. ಪಾಳಿ ನೀರಿನ ನಳದ ಮಾದರಿಗಳಲ್ಲಿ ಶೇ 31.7ರಷ್ಟರಲ್ಲಿ ಮಲದ ಗುರುತಾದ ಇ. ಕೋಲೈ ಬ್ಯಾಕ್ಟೀರಿಯಾ ಸಿಕ್ಕಿತು. 24 ತಾಸಿನ ನಳಗಳಲ್ಲಿ ಬರೀ ಶೇ 0.7. ಇಷ್ಟು ದೊಡ್ಡ ಅಂತರ ಇದ್ದ ಮೇಲೆ ಮಕ್ಕಳ ಭೇದಿಯೂ ಇಳಿದಿರಬೇಕು, ಅಲ್ವಾ? ಇಳಿದಿರಲಿಲ್ಲ. ಸುಮಾರು 3,900 ಮನೆಗಳನ್ನು ನೋಡಿದಾಗ ಐದು ವರ್ಷದೊಳಗಿನ ಮಕ್ಕಳ ಭೇದಿಯಲ್ಲಿ ಒಟ್ಟಾರೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಳದ ನೀರು ಶುದ್ಧ ಇದ್ದರೂ ಜನ ಅದನ್ನು ಹಂಡೆಯಲ್ಲಿ ತುಂಬಿಡುವುದು ಬಿಟ್ಟಿರಲಿಲ್ಲ. ಅಲ್ಲದೆ ಭೇದಿ ಬರುವ ದಾರಿಗಳು ಬೇರೆಯೂ ಇವೆ. ಆದರೆ ಟೈಫಾಯ್ಡ್ ಕಂಡ ಮನೆಗಳು ಶೇ 42ರಷ್ಟು ಕಡಿಮೆ ಇದ್ದವು. ಬಡ ಮನೆಗಳ ಮಕ್ಕಳಲ್ಲಿ ರಕ್ತಭೇದಿಯೂ ಕಡಿಮೆ ಇತ್ತು.

ಈ ಕೊನೆಯ ಮಾತಿಗೆ ಆಗ ಸಿಗಬೇಕಾದಷ್ಟು ಗಮನ ಸಿಗಲಿಲ್ಲ. ನೀರು ಖಾಸಗಿಯವರ ಕೈಗೆ ಹೋಗುತ್ತದೆ, ಮೀಟರ್ ಬಡವರ ಹೊಟ್ಟೆ ಮೇಲೆ ಹೊಡೆಯುತ್ತದೆ ಅಂತ ಸಂಘಟನೆಗಳು ವಿರೋಧಿಸಿದವು. ನೂರರಲ್ಲಿ ಹತ್ತು ಜನರಿಗೆ ಇಡೀ ದಿನ ನೀರು, ಉಳಿದವರಿಗೆ ವಾರದ ಪಾಳಿ, ಇದು ಎಲ್ಲಿಯ ನ್ಯಾಯ ಅನ್ನುವ ಪ್ರಶ್ನೆ ನನಗೂ ಸರಿ ಅನ್ನಿಸುತ್ತದೆ. ಆದರೆ ಕಾಯಿಲೆ ಲೆಕ್ಕ ನೋಡಿದರೆ ಜಾಸ್ತಿ ಲಾಭ ಆದದ್ದು ಬಡವರಿಗೇ. ಯಾರು ನಡೆಸಬೇಕು ಅನ್ನುವ ಜಗಳದಲ್ಲಿ ಪೈಪು ಬದಲಿಸಬೇಕೋ ಬೇಡವೋ ಅನ್ನುವುದು ಮೂಲೆಗೆ ಬಿತ್ತು. ಜೊತೆಗೆ ಹಣದ ಪ್ರಶ್ನೆ. ಐದು ವಲಯಕ್ಕೆ ಹೊಸ ಜಾಲ ಹಾಕುವುದು ಬೇರೆ, ಮೂರು ಇಡೀ ನಗರ ಅಗೆಯುವುದು ಬೇರೆ.

ನಡುವಿನ ವರ್ಷಗಳಲ್ಲಿ ಒಂದು ತಮಾಷೆಯ ಉಪಾಯವೂ ಹುಟ್ಟಿತು. ನೆಕ್ಸ್ಟ್‌ಡ್ರಾಪ್ ಅನ್ನುವ ಪುಟ್ಟ ಸಂಸ್ಥೆ ವಾಲ್ವ್‌ಮನ್‌ಗಳಿಂದ ಸುದ್ದಿ ಪಡೆದು, ನೀರು ಬರುವ ಮೊದಲೇ ಜನರ ಮೊಬೈಲ್‌ಗೆ ಮೆಸೇಜ್ ಕಳಿಸುತ್ತಿತ್ತು. ಕಾಯುವ ತಾಪತ್ರಯ ತಪ್ಪಿಸುವ ಜಾಣತನ. ಖಾಲಿ ಪೈಪು ಮಾತ್ರ ಖಾಲಿಯೇ.

ಉಳಿದ ಭಾಗಕ್ಕೂ ವಿಸ್ತರಿಸಲು ವಿಶ್ವಬ್ಯಾಂಕ್ ಮತ್ತೆ 10 ಕೋಟಿ ಡಾಲರ್ ಸಾಲಕ್ಕೆ ಒಪ್ಪಿದ್ದು 2016ರಲ್ಲಿ. ಅಂದರೆ ಪ್ರಯೋಗ ಗೆದ್ದು ಎಂಟು ವರ್ಷ ಆದ ಮೇಲೆ. ಹುಬ್ಬಳ್ಳಿ-ಧಾರವಾಡದ ಗುತ್ತಿಗೆ ಎಲ್ ಅಂಡ್ ಟಿ ಕಂಪನಿಗೆ ಹೋಯಿತು.

ಈ ಚರ್ಚೆಯಲ್ಲಿ ಸದಾ ಹಿಂದೆ ಬೀಳುವುದು ಒಳಚರಂಡಿ. ಮನೆಗೆ ಬಂದ ನೀರಿನಲ್ಲಿ ಶೇ 80ರಷ್ಟು ಕೊಳಚೆಯಾಗಿ ಹೊರಹೋಗುತ್ತದೆ ಅಂತ ಎಂಜಿನಿಯರುಗಳು ಲೆಕ್ಕ ಹಾಕುತ್ತಾರೆ. ಹುಬ್ಬಳ್ಳಿಯ ಕೊಳಚೆ ಉಣಕಲ್ ನಾಲಾ ಹಿಡಿದು ಬೆಣ್ಣಿಹಳ್ಳದ ಕಡೆ ಇಳಿಯುತ್ತದೆ. ಬೆಣ್ಣಿಹಳ್ಳ ಸೇರುವುದು ಅದೇ ಮಲಪ್ರಭೆಯನ್ನು, ಅಣೆಕಟ್ಟಿನ ಕೆಳಗೆ. ದಾರಿಯಲ್ಲಿ ಬಿಡ್ನಾಳ, ಗಬ್ಬೂರು, ಕಟ್ನೂರು ಕಡೆಯ ರೈತರು ಹಲವು ದಶಕಗಳಿಂದ ಈ ಕೊಳಚೆಗೇ ಪಂಪು ಇಟ್ಟು ಬೆಳೆ ತೆಗೆದಿದ್ದಾರೆ. ಬೋರು ಬತ್ತಿದ ಬೇಸಿಗೆಯಲ್ಲೂ ಬತ್ತದ ನೀರು ಅದೊಂದೇ, ಗೊಬ್ಬರದ ಖರ್ಚೂ ಉಳಿಯುತ್ತದೆ. ಅಲ್ಲಿಯ ತರಕಾರಿ ಹುಬ್ಬಳ್ಳಿ ಮಾರ್ಕೆಟ್ಟಿಗೇ ಬರುತ್ತದೆ. ನಳ ದಿನವಿಡೀ ಹರಿಯತೊಡಗಿದ ಮೇಲೆ ಈ ನಾಲೆಗೆ ಎಷ್ಟು ಕೊಳಚೆ ಬೀಳುತ್ತದೆ, ಅದರಲ್ಲಿ ಎಷ್ಟನ್ನು ಶುದ್ಧ ಮಾಡಿ ಬಿಡುತ್ತಾರೆ ಅನ್ನುವುದನ್ನು ಈಗಲೇ ಕೇಳಬೇಕು.