ಜೂನ್‌ನಲ್ಲಿ ಫೀಸ್, ಡಿಸೆಂಬರ್‌ನಲ್ಲಿ ಬೆಳೆ

ಸಿಂಧನೂರು, ಮಾನ್ವಿ, ಗಂಗಾವತಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಡುವುದು ಸಾಮಾನ್ಯವಾಗಿ ಜುಲೈ ಹೊತ್ತಿಗೆ. ನಾಟಿಯಾಗಿ, ಕಟಾವಾಗಿ, ಭತ್ತದ ದುಡ್ಡು ಕೈಗೆ ಬರುವಷ್ಟರಲ್ಲಿ ಡಿಸೆಂಬರ್. ಮೆಣಸಿನಕಾಯಿ ಹಾಕಿದವರಿಗೆ ಇನ್ನೂ ತಡ. ಆದರೆ ಖಾಸಗಿ ಶಾಲೆಯವರು ಮೊದಲ ಕಂತು ಕೇಳುವುದು ಶಾಲೆ ಶುರುವಾಗುವಾಗ, ಅಂದರೆ ಮೇ ಕೊನೆ ಇಲ್ಲವೇ ಜೂನ್ ಮೊದಲ ವಾರದಲ್ಲಿ. ಅದೇ ಹೊತ್ತಿಗೆ ಬೀಜ, ಗೊಬ್ಬರಕ್ಕೂ ದುಡ್ಡು ಹೊಂದಿಸಬೇಕು. ಕೈ ಖಾಲಿ ಇರುವ ತಿಂಗಳಲ್ಲೇ ಎರಡೂ ಖರ್ಚು ಬಂದು ನಿಲ್ಲುತ್ತವೆ.

ಖಾಸಗಿ ಶಾಲೆಯ ಫೀಸ್ ಸಾಮಾನ್ಯ ಮನೆಗೆ ಕೈಗೆಟಕುತ್ತದೆಯೇ ಎಂದು ಕೇಳುವಾಗ ನಾವು ಎಷ್ಟು ರೂಪಾಯಿ ಅಂತಷ್ಟೇ ನೋಡುತ್ತೇವೆ. ಯಾವ ತಿಂಗಳಲ್ಲಿ ಅನ್ನುವುದೂ ಅಷ್ಟೇ ಮುಖ್ಯ. ಇನ್ನು ಈ ಖರ್ಚು ಮನೆಯವರ ತಲೆ ಮೇಲೆ ಬಂದದ್ದು ಯಾವಾಗ ಅನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ರಾಯಚೂರು, ಕೊಪ್ಪಳ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಅಲ್ಲಿ ಆಡಳಿತದ ಭಾಷೆ ಉರ್ದು, ಶಾಲೆಯ ಭಾಷೆಯೂ ಉರ್ದು. ಶಾಲೆಗಳೇ ಕಡಿಮೆ. ಕನ್ನಡದ ಮಕ್ಕಳಿಗೆ ಕಲಿಸಬೇಕು ಅನ್ನುವವರು ತಾವೇ ಶಾಲೆ ಕಟ್ಟಬೇಕಾಯಿತು. ಪಂಡಿತ ತಾರಾನಾಥರು ರಾಯಚೂರಿನಲ್ಲಿ ಕಟ್ಟಿದ ಹಮ್‌ದರ್ದ್ ಶಾಲೆ, ಕುಕನೂರಿನ ವಿದ್ಯಾನಂದ ಗುರುಕುಲ ಇಂಥವು. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅಲ್ಲಿ 1916ರಲ್ಲಿ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿತು. ಇವೆಲ್ಲ ಸರ್ಕಾರದ ಶಾಲೆಗಳಲ್ಲ, ಖಾಸಗಿಯೇ. ಆದರೆ ಊರವರ ದೇಣಿಗೆಯಿಂದ, ಮಠ ಮತ್ತು ಸಂಘಗಳ ಆಸರೆಯಿಂದ ನಡೆದವು. ಕೊಪ್ಪಳದ ಗವಿಮಠದಲ್ಲಿ ಇವತ್ತಿಗೂ ಸಾವಿರಾರು ಮಕ್ಕಳು ಉಚಿತವಾಗಿ ಉಂಡು, ಉಳಿದು ಓದುವುದು ಅದೇ ಹಳೆಯ ರೂಢಿಯ ಮುಂದುವರಿಕೆ.

1956ರ ಏಕೀಕರಣದ ನಂತರ ಇಂಥ ಸಂಸ್ಥೆಗಳ ಬೆನ್ನಿಗೆ ಸರ್ಕಾರದ ಅನುದಾನ ನಿಂತಿತು. ಮೇಷ್ಟ್ರ ಸಂಬಳ ಸರ್ಕಾರದ್ದು, ಕಟ್ಟಡ ಸಂಸ್ಥೆಯದ್ದು. ಮನೆಯವರು ಕೊಡುತ್ತಿದ್ದುದು ಅಲ್ಪಸ್ವಲ್ಪ. ನನ್ನ ಪ್ರಕಾರ ಫೀಸಿನ ಕಥೆಯ ದೊಡ್ಡ ತಿರುವು ಇಲ್ಲೇ ಇದೆ. 1987ರ ನಂತರ ಶುರುವಾದ ಶಾಲೆಗಳಿಗೆ ಅನುದಾನವಿಲ್ಲ ಎಂದು ರಾಜ್ಯ ಸರ್ಕಾರ ಗೆರೆ ಎಳೆಯಿತು. ಕನ್ನಡ ಮಾಧ್ಯಮದ ಶಾಲೆಗಳಿಗಾಗಿ ಆ ಗೆರೆಯನ್ನು ಆಮೇಲೆ 1995ರ ಹತ್ತಿರಕ್ಕೆ ಸರಿಸಿತು. ಅದಾದ ಮೇಲೆ ಬಂದ ಶಾಲೆಗಳು ಇವತ್ತಿಗೂ ಅನುದಾನ ಕೇಳುತ್ತಲೇ ಇವೆ. ಸಂಬಳ ಕೊಡುವ ಕೈ ಹಿಂದೆ ಸರಿದರೆ ಮೇಷ್ಟ್ರಿಗೆ ದುಡ್ಡು ಎಲ್ಲಿಂದ ಬರಬೇಕು? ಮಕ್ಕಳ ಮನೆಯಿಂದಲೇ ಅಲ್ವಾ? ಶಾಲೆಯವರ ದುರಾಸೆ ಅಂತ ಬೈಯುವ ಮೊದಲು ಈ ಆದೇಶವನ್ನೊಮ್ಮೆ ನೆನೆಯುವುದು ಒಳ್ಳೆಯದು. ದುರಾಸೆ ಇಲ್ಲ ಅಂತ ನಾನು ಹೇಳುತ್ತಿಲ್ಲ.

ಅದೇ ಕಾಲಕ್ಕೆ ಇಂಗ್ಲಿಷ್ ಮಾಧ್ಯಮದ ಆಸೆಯೂ ಬೆಳೆಯಿತು. ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಕಲಿಸಬೇಕು ಎಂದು 1994ರಲ್ಲಿ ಸರ್ಕಾರ ಆದೇಶಿಸಿತು. ಶಾಲೆಗಳು ಕನ್ನಡ ಮಾಧ್ಯಮಕ್ಕೆ ಅನುಮತಿ ಪಡೆದು ಒಳಗೆ ಇಂಗ್ಲಿಷ್ ಕಲಿಸಿದವು. ಎಲ್ಲರಿಗೂ ಗೊತ್ತಿತ್ತು, ಬಿಇಒ ಕಚೇರಿಗೂ ಗೊತ್ತಿತ್ತು. 2006ರಲ್ಲಿ ಇಂಥ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳ ಮಾನ್ಯತೆ ರದ್ದು ಮಾಡಲು ಸರ್ಕಾರ ಹೊರಟಾಗ ರಾಜ್ಯದಲ್ಲಿ ಗದ್ದಲವೇ ಎದ್ದಿತು. 2008ರಲ್ಲಿ ಹೈಕೋರ್ಟ್ ಭಾಷಾ ಆದೇಶ ಖಾಸಗಿ ಅನುದಾನರಹಿತ ಶಾಲೆಗಳಿಗೆ ಅನ್ವಯಿಸದು ಎಂದಿತು. 2014ರ ಮೇ 6ರಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠವೂ ಅದನ್ನೇ ಎತ್ತಿಹಿಡಿಯಿತು. ಅಲ್ಲಿಗೆ ಬಾಗಿಲು ಪೂರ್ತಿ ತೆರೆಯಿತು. ಹೋಬಳಿ ಮಟ್ಟದ ಊರುಗಳಿಗೂ ಹಳದಿ ವ್ಯಾನು ಬಂತು.

ಫೀಸ್ ಎಷ್ಟಿರಬೇಕು ಅನ್ನುವುದಕ್ಕೂ ಕೋರ್ಟಿನಲ್ಲೇ ಉತ್ತರ ಸಿಕ್ಕಿದ್ದು. ಡೊನೇಷನ್ ತಡೆಯಲು ರಾಜ್ಯದಲ್ಲಿ 1984ರಿಂದಲೇ ಕಾಯ್ದೆ ಇದೆ. 2002ರಲ್ಲಿ ಟಿ.ಎಂ.ಎ. ಪೈ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ 11 ನ್ಯಾಯಮೂರ್ತಿಗಳ ಪೀಠ ಹೇಳಿದ್ದಿಷ್ಟು: ಅನುದಾನ ಪಡೆಯದ ಸಂಸ್ಥೆ ತನ್ನ ಫೀಸ್ ತಾನೇ ನಿಗದಿ ಮಾಡಬಹುದು, ಸಂಸ್ಥೆ ಬೆಳೆಸಲು ಒಂದಿಷ್ಟು ಉಳಿಸಿಕೊಳ್ಳಬಹುದು, ಆದರೆ ಲಾಭಕೋರತನ ಸಲ್ಲದು, ಡೊನೇಷನ್ ಕೂಡದು. ಉಳಿಕೆ ಎಲ್ಲಿ ಮುಗಿದು ಲಾಭಕೋರತನ ಎಲ್ಲಿ ಶುರುವಾಗುತ್ತದೆ ಅನ್ನುವುದರ ಮೇಲೆ ಅಂದಿನಿಂದ ಜಗಳ ನಡೆದೇ ಇದೆ.

ನಡುವೆ ಬಡವರಿಗೆ ಒಂದು ದಾರಿ ಕಂಡಿತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) ಪ್ರಕಾರ ಖಾಸಗಿ ಶಾಲೆಯ ಶೇ 25ರಷ್ಟು ಸೀಟು ಬಡ ಮತ್ತು ಹಿಂದುಳಿದ ಮಕ್ಕಳಿಗೆ. ನಮ್ಮ ರಾಜ್ಯದಲ್ಲಿ ಇದು ಶುರುವಾದದ್ದು 2012ರಲ್ಲಿ. ಆರ್‌ಟಿಇ ಸೀಟು ಸಿಕ್ಕಿತು ಅಂದರೆ ಲಾಟರಿ ಹೊಡೆದಷ್ಟು ಖುಷಿ. ನಿಜಕ್ಕೂ ಲಾಟರಿ ಎತ್ತಿಯೇ ಕೊಡುತ್ತಿದ್ದರು. ಒಂದು ಮಗುವಿಗೆ ವರ್ಷಕ್ಕೆ ಇಷ್ಟು ಅಂತ ಸರ್ಕಾರ ಶಾಲೆಗೆ ಕಟ್ಟುತ್ತಿತ್ತು. ಒಂದನೇ ತರಗತಿಗೆ ಆ ಮಿತಿ ಮೊದಲು 11,848 ರೂಪಾಯಿ, ಆಮೇಲೆ 16,000 ಆಯಿತು.

2019ರಲ್ಲಿ ನಿಯಮ ಬದಲಾಯಿತು. ಮನೆ ಹತ್ತಿರ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯ ಸೀಟಿಲ್ಲ. ಸರ್ಕಾರಿ ಶಾಲೆ ಇಲ್ಲದ ಊರು ಎಷ್ಟಿದ್ದಾವು? ಲಕ್ಷದ ಲೆಕ್ಕದಲ್ಲಿದ್ದ ಸೀಟು ಸಾವಿರದ ಲೆಕ್ಕಕ್ಕೆ ಇಳಿದವು. ನಮ್ಮ ಶಾಲೆಗಳು ಖಾಲಿಯಾಗುತ್ತಿವೆ, ಅದೇ ದುಡ್ಡು ಖಾಸಗಿಯವರಿಗೆ ಹೋಗುತ್ತಿದೆ ಎನ್ನುವುದು ಸರ್ಕಾರದ ವಾದ. ಹೈಕೋರ್ಟ್ ಕೂಡ ಒಪ್ಪಿತು. ವಾದದಲ್ಲಿ ಹುರುಳಿದೆ. ಆದರೆ ಉಳಿದ ದುಡ್ಡು ಹತ್ತಿರದ ಸರ್ಕಾರಿ ಶಾಲೆಯ ಖಾಲಿ ಹುದ್ದೆ ತುಂಬಿತೇ ಅಂದರೆ, ಅತಿಥಿ ಶಿಕ್ಷಕರ ಮೇಲೆ ನಡೆಯುವ ನಮ್ಮ ಹಳ್ಳಿ ಶಾಲೆಗಳನ್ನೇ ನೋಡಬಹುದು.

ಸರ್ಕಾರವೇ ಒಪ್ಪಿದ ಆ 16,000 ರೂಪಾಯಿಯನ್ನು ಹಿಡಿದು ಒಂದು ಲೆಕ್ಕ ಹಾಕೋಣ. 2025-26ರಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ ನಮ್ಮ ರಾಜ್ಯದಲ್ಲಿ 370 ರೂಪಾಯಿ ಇತ್ತು. ಮನೆಗೆ ನೂರು ದಿನ ಪೂರ್ತಿ ಸಿಕ್ಕರೆ 37,000. ಎರಡು ಮಕ್ಕಳ ಫೀಸಿಗೇ 32,000 ಹೋಗುತ್ತದೆ. ಗೃಹಲಕ್ಷ್ಮಿಯ ತಿಂಗಳ ಎರಡು ಸಾವಿರ ಸೇರಿಸಿದರೆ ವರ್ಷಕ್ಕೆ ಇನ್ನೊಂದು 24,000. ಆ ದುಡ್ಡನ್ನು ಫೀಸಿಗೆ ಅಂತಲೇ ಎತ್ತಿಡುವ ತಾಯಂದಿರಿದ್ದಾರೆ. ಗೃಹಲಕ್ಷ್ಮಿ ಕಂತು ತಡವಾದರೆ ಮತ್ತೆ ಸಂಘದ ಸಾಲ, ಫೈನಾನ್ಸ್, ಕೊರಳಲ್ಲಿನ ಬಂಗಾರ. ಆ 32,000ದಲ್ಲಿ ವ್ಯಾನ್, ಪುಸ್ತಕ, ಯೂನಿಫಾರ್ಮ್, ಶೂ ಸೇರಿಲ್ಲ. ಕೇಂದ್ರದ 2025ರ ಸಮೀಕ್ಷೆಯೊಂದರ ಪ್ರಕಾರ ದೇಶದಲ್ಲಿ ಸರ್ಕಾರಿ ಶಾಲೆಯ ಮಗುವಿಗೆ ಮನೆಯವರು ವರ್ಷಕ್ಕೆ ಸರಾಸರಿ 2,863 ರೂಪಾಯಿ ಖರ್ಚು ಮಾಡಿದರೆ, ಉಳಿದ ಶಾಲೆಗಳ ಮಗುವಿಗೆ 25,002.

ಇಬ್ಬರನ್ನೂ ಓದಿಸಲು ಆಗದಿದ್ದಾಗ ಮನೆಯೊಳಗೆ ಒಂದು ತೀರ್ಮಾನ ಆಗುತ್ತದೆ. ಮಗ ಕಾನ್ವೆಂಟಿಗೆ, ಮಗಳು ಸರ್ಕಾರಿ ಶಾಲೆಗೆ. ಯಾರೂ ಅದನ್ನು ಬಾಯಿ ಬಿಟ್ಟು ಹೇಳುವುದಿಲ್ಲ. "ಅಕಿ ಶ್ಯಾಣ್ಯಾಕಿ, ಎಲ್ಲಿದ್ರೂ ಓದ್ತಾಳ" ಅನ್ನುತ್ತಾರೆ. ಗುಳೆ ಹೋಗುವ ಮನೆಗಳಲ್ಲಿ ಇನ್ನೊಂದು ಥರ: ಅಪ್ಪ ಅಮ್ಮ ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಮಗು ಅಜ್ಜಿ ಜೊತೆ ಊರಲ್ಲಿ. ಅಲ್ಲಿ ದುಡಿದದ್ದು ಇಲ್ಲಿ ಫೀಸಾಗುತ್ತದೆ.

ಕೊರೊನಾ ಬಂದಾಗ ಈ ಏರ್ಪಾಟು ಎಷ್ಟು ತೆಳುವಾಗಿತ್ತು ಅನ್ನುವುದು ಬಯಲಾಯಿತು. ಬೋಧನಾ ಶುಲ್ಕದ ಶೇ 70 ಮಾತ್ರ ತೆಗೆದುಕೊಳ್ಳಿ ಎಂದು 2021ರ ಜನವರಿಯಲ್ಲಿ ಸರ್ಕಾರ ಹೇಳಿತು. ಶಾಲೆಯವರು ಕೋರ್ಟಿಗೆ ಹೋದರು. ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ರಿಯಾಯಿತಿಯನ್ನು ಶೇ 15ಕ್ಕೆ ಇಳಿಸಿತು. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಶಿಕ್ಷಣ ನಿಯಂತ್ರಣ ಪ್ರಾಧಿಕಾರವನ್ನು ನೆಚ್ಚಿಕೊಂಡಿದ್ದ ಪೋಷಕರಿಗೆ 2023ರ ಜನವರಿಯಲ್ಲಿ ಇನ್ನೊಂದು ಏಟು ಬಿತ್ತು. ಅನುದಾನರಹಿತ ಶಾಲೆಗಳ ಫೀಸ್ ನಿಯಂತ್ರಿಸಲು ಸರ್ಕಾರ ಬಳಸುತ್ತಿದ್ದ ಕಾಯ್ದೆಯ ಸೆಕ್ಷನ್‌ಗಳು ಸಂವಿಧಾನಬದ್ಧವಲ್ಲ ಎಂದಿತು ಹೈಕೋರ್ಟ್. ಆದರೂ ಶಿಕ್ಷಣ ಹಕ್ಕು ಕಾಯ್ದೆಯ ಕೆಲವು ಮಾತುಗಳು ಪೋಷಕರ ಪರವಾಗಿಯೇ ಇವೆ. ಡೊನೇಷನ್ ತೆಗೆದುಕೊಂಡರೆ ಅದರ ಹತ್ತು ಪಟ್ಟಿನವರೆಗೆ ದಂಡ ಹಾಕಬಹುದು. ಎಂಟನೇ ತರಗತಿವರೆಗಿನ ಮಗು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗುತ್ತೇನೆ ಎಂದರೆ ಟಿಸಿ ತಡ ಮಾಡಿ ಸೇರ್ಪಡೆ ತಪ್ಪಿಸುವಂತಿಲ್ಲ. ಬಾಕಿ ಇದೆ ಅಂತ ಟಿಸಿ ಹಿಡಿದಿಟ್ಟರೆ ಕಾಯ್ದೆಯ ಈ ನಿಯಮ ಹೇಳಿ ಕೇಳಿ. ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಇಸಿದುಕೊಳ್ಳಿ, ಚೀಟಿಯಲ್ಲಿ ಬರೆದುಕೊಟ್ಟದ್ದು ಎಲ್ಲೂ ನಿಲ್ಲುವುದಿಲ್ಲ.

ಊರಿನ ಸಣ್ಣ ಶಾಲೆಯವರಿಗೆ ಮನೆತನದ ಪರಿಚಯ ಇರುತ್ತದೆ. "ಭತ್ತ ಮಾರಿದ ಮೇಲೆ ಕೊಡ್ತೀನಿ ಸರ್" ಅಂದರೆ ಬೈದುಕೊಂಡಾದರೂ ಕಾಯುತ್ತಾರೆ. ಆ್ಯಪ್‌ನಲ್ಲಿ ಕೊನೆಯ ದಿನಾಂಕ ಹಾಕಿ, ದಾಟಿದರೆ ದಂಡ ಸೇರಿಸುವ ದೊಡ್ಡ ಶಾಲೆಗಳಲ್ಲಿ ಈ ಮಾತಿಗೆ ಜಾಗವಿಲ್ಲ. ಕಂತನ್ನು ಡಿಸೆಂಬರ್, ಮಾರ್ಚ್‌ಗೆ ಸರಿಸಲು ಯಾವ ಕಾನೂನೂ ಬೇಕಿಲ್ಲ. ಶಾಲೆಗೂ ತಿಂಗಳ ಸಂಬಳ ಕೊಡುವ ಕಷ್ಟ ಇದೆ, ನಿಜ. ಆದರೂ ಭತ್ತದ ಸೀಮೆಯಲ್ಲಿ ಶಾಲೆ ನಡೆಸುವವರು ಭತ್ತದ ಲೆಕ್ಕ ತಿಳಿದಿರಬೇಕು ಅನ್ನುವುದು ನನ್ನ ಅಭಿಪ್ರಾಯ.

ಸರ್ಕಾರ ಸುಮ್ನೆ ಕೂತಿದೆ ಅಂತಲೂ ಅಲ್ಲ. 2019-20ರಿಂದ ಆಯ್ದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳು ಶುರುವಾದವು. ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಲ್‌ಕೆಜಿಯಿಂದಲೇ ಸೇರಿಸಬಹುದು. ಅಂಥ ಶಾಲೆ ಇರುವ ಕಡೆ ಸೀಟಿಗೆ ಪೈಪೋಟಿ ಇದೆ. ಜನ ಖಾಸಗಿಯನ್ನೇ ಬಯಸುತ್ತಾರೆ ಅನ್ನುವ ಮಾತು ಅಲ್ಲಿ ನಿಲ್ಲುವುದಿಲ್ಲ. ಅಂಥ ಶಾಲೆ ಹತ್ತಿರ ಇಲ್ಲದವರ ಲೆಕ್ಕ ಬೇರೆ. ಆದರ್ಶ ವಿದ್ಯಾಲಯ, ಮೊರಾರ್ಜಿ, ನವೋದಯ ಇವೆಲ್ಲ ಆರನೇ ತರಗತಿಯಿಂದ. ಎಲ್‌ಕೆಜಿಯಿಂದ ಐದನೇ ತರಗತಿವರೆಗೆ ಏಳು ವರ್ಷ ಹೇಗೋ ಫೀಸ್ ಕಟ್ಟಿದರೆ ಆಮೇಲೆ ಅಲ್ಲಿಗೆ ಸೇರಿಸಬಹುದು ಅನ್ನುವುದು ಎಷ್ಟೋ ಮನೆಗಳ ಯೋಜನೆ. ಒಂದು ನವೋದಯದಲ್ಲಿ ವರ್ಷಕ್ಕೆ ಹೆಚ್ಚೆಂದರೆ 80 ಸೀಟು. ಆ ಪರೀಕ್ಷೆಗೆ ತಯಾರು ಮಾಡುವ ಕೋಚಿಂಗ್ ಸೆಂಟರ್‌ಗಳ ಬೋರ್ಡು ಈಗ ತಾಲ್ಲೂಕು ಕೇಂದ್ರಗಳ ಬಸ್ ಸ್ಟ್ಯಾಂಡ್ ಸುತ್ತ ಕಾಣುತ್ತವೆ. ಅದಕ್ಕೂ ಫೀಸ್ ಇದೆ, ಅದರ ಮೊದಲ ಕಂತೂ ಜೂನ್‌ನಲ್ಲೇ.