ರೀಬೂಟ್ ಆಗದೆ ನಿಂತ ಸರ್ವರ್: ಎಲ್ಲಿ ನಿಂತಿದೆ ಎಂದು ಮೊದಲು ನೋಡಿ

ರೀಬೂಟ್ ಆದೇಶ ಕೊಟ್ಟು ಎಸ್‌ಎಸ್‌ಎಚ್ (ದೂರದಿಂದ ಯಂತ್ರಕ್ಕೆ ಆದೇಶ ಕೊಡುವ ದಾರಿ) ಸಂಪರ್ಕ ಕಡಿದ ಮೇಲೆ ಹತ್ತು ನಿಮಿಷವಾದರೂ ಲಿನಕ್ಸ್ ಸರ್ವರ್ ಮರಳಿ ಬಾರದಿದ್ದರೆ, ಪವರ್ ಬಟನ್ ಒತ್ತಿಬಿಡೋಣ ಎನ್ನಿಸುವುದು ಸಹಜ. ಹಾಗೆ ಒತ್ತುವ ಮುನ್ನ ಕನ್ಸೋಲ್ (ಯಂತ್ರದ ಸ್ವಂತ ಪರದೆ) ನೋಡಲೇಬೇಕು, ಏಕೆಂದರೆ ಕೆಳಗಿಳಿಯುವಾಗ ಸಿಕ್ಕಿಕೊಂಡ ಯಂತ್ರಕ್ಕೂ ಪೂರ್ತಿ ಇಳಿದು ಮರುಚಾಲನೆಯ ಹೊಸ್ತಿಲಲ್ಲಿ ನಿಂತ ಯಂತ್ರಕ್ಕೂ ಮಾಡಬೇಕಾದ ಚಿಕಿತ್ಸೆ ಬೇರೆ ಬೇರೆ.

ಒಮ್ಮೆ ನಮ್ಮ ಬ್ಯಾಕಪ್ ಸರ್ವರ್ ಹೀಗೆಯೇ ನಿಂತಿತು. ಕನ್ಸೋಲ್‌ನಲ್ಲಿ ಕೆಂಪು ನಕ್ಷತ್ರಗಳು ಎಡಕ್ಕೂ ಬಲಕ್ಕೂ ಸರಿದಾಡುತ್ತಿದ್ದವು. ಪಕ್ಕದಲ್ಲಿ 'ಎ ಸ್ಟಾಪ್ ಜಾಬ್ ಈಸ್ ರನ್ನಿಂಗ್' ಎಂಬ ಸಾಲು, ಅದರ ಕೊನೆಯಲ್ಲಿ ಏರುತ್ತಲೇ ಇದ್ದ ನಿಮಿಷಗಳು ಮತ್ತು 'ನೋ ಲಿಮಿಟ್' ಎಂಬ ಮಾತು. ಲಿನಕ್ಸ್‌ನಲ್ಲಿ ಸೇವೆಗಳನ್ನು ಆರಂಭಿಸಿ ನಿಲ್ಲಿಸುವ ಸಿಸ್ಟಮ್‌ಡಿ ಸಾಮಾನ್ಯವಾಗಿ ಒಂದು ಸೇವೆ ನಿಲ್ಲಲು 90 ಸೆಕೆಂಡು ಕಾದು, ಆಮೇಲೆ ಅದನ್ನು ಬಲವಂತವಾಗಿ ಮುಗಿಸುತ್ತದೆ. ಬ್ಯಾಕಪ್ ಅರ್ಧಕ್ಕೆ ತುಂಡಾಗಬಾರದೆಂದು ಆ ಮಿತಿಯನ್ನು ತೆಗೆದುಹಾಕಿದ್ದವರು ನಾವೇ. ಆ ಸೇವೆ ಬರೆಯುತ್ತಿದ್ದದ್ದು ಎನ್‌ಎಫ್‌ಎಸ್ (ಬೇರೆ ಯಂತ್ರದ ಕಡತಗಳನ್ನು ನೆಟ್‌ವರ್ಕ್ ಮೂಲಕ ಬಳಸುವ ವ್ಯವಸ್ಥೆ) ಮೂಲಕ ಮೌಂಟ್ ಆಗಿದ್ದ, ಅಂದರೆ ಜೋಡಿಸಿದ್ದ, ಇನ್ನೊಂದು ಸ್ಟೋರೇಜ್ ಯಂತ್ರಕ್ಕೆ. ದುರಸ್ತಿಗೆಂದು ಅದನ್ನು ಅರ್ಧ ಗಂಟೆ ಮೊದಲೇ ಆರಿಸಲಾಗಿತ್ತು.

ಎನ್‌ಎಫ್‌ಎಸ್ ಪೂರ್ವನಿಯೋಜಿತವಾಗಿ 'ಹಾರ್ಡ್' ಮೌಂಟ್ ಆಗಿರುತ್ತದೆ, ಅಂದರೆ ಎದುರಿನ ಯಂತ್ರ ಉತ್ತರಿಸದಿದ್ದರೆ ಅದು ಸೋಲೊಪ್ಪದೆ ಮತ್ತೆ ಮತ್ತೆ ಕೇಳುತ್ತಲೇ ಇರುತ್ತದೆ. ಇದು ದೋಷವಲ್ಲ, ಬರೆಯಬೇಕಾದ ದತ್ತಾಂಶ ಸದ್ದಿಲ್ಲದೆ ಕಳೆದುಹೋಗದಿರಲಿ ಎಂಬ ಕಾಳಜಿ. ಹೀಗೆ ಕಾಯುವ ಪ್ರಕ್ರಿಯೆ 'ಡಿ' ಸ್ಥಿತಿಗೆ (ಅಡ್ಡಿಪಡಿಸಲಾಗದ ಕಾಯುವಿಕೆಗೆ) ಹೋಗುವುದರಿಂದ ಸಾಮಾನ್ಯ ಸಂಕೇತಗಳಿಗೆ ಜಗ್ಗುವುದಿಲ್ಲ. ರೀಬೂಟ್‌ಗೆ ಮುನ್ನ ಡಿಸ್ಕ್ ಜಾಗ ತೋರಿಸುವ ಡಿಎಫ್ ಆದೇಶ ಓಡಿಸಿ, ಅದು ಉತ್ತರ ಕೊಡದೆ ನಿಂತುಬಿಟ್ಟರೆ ಈ ತೊಂದರೆ ಆಗಲೇ ಮನೆಯೊಳಗೆ ಬಂದಿದೆಯೆಂದು ತಿಳಿಯಬಹುದು. ನೆಟ್‌ವರ್ಕ್ ಮೂಲಕ ಸಿಗುವ ಐಸ್ಕಸಿ (iSCSI) ಡಿಸ್ಕ್‌ಗಳಲ್ಲಿ ಇನ್ನೊಂದು ಎಚ್ಚರ ಬೇಕು: ಅವು ಸ್ಥಳೀಯ ಡಿಸ್ಕ್‌ನಂತೆಯೇ ಕಾಣುವುದರಿಂದ, ಮೌಂಟ್‌ಗಳ ಪಟ್ಟಿಯಿರುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ '_netdev' ಆಯ್ಕೆ ಬರೆಯದಿದ್ದರೆ ಅನ್‌ಮೌಂಟ್ ಆಗುವ ಮೊದಲೇ ನೆಟ್‌ವರ್ಕ್ ಇಳಿದುಹೋಗಬಹುದು.

ಸೇವೆಗಳೆಲ್ಲ ನಿಂತು, ಕರ್ನಲ್ (ಲಿನಕ್ಸ್‌ನ ತಿರುಳು) 'ರೀಸ್ಟಾರ್ಟಿಂಗ್ ಸಿಸ್ಟಮ್' ಎಂದು ಬರೆದ ಮೇಲೂ ಯಂತ್ರ ಅಲುಗದಿದ್ದರೆ ದೋಷ ಬಹುತೇಕ ಫರ್ಮ್‌ವೇರ್‌ನದು (ಯಂತ್ರದೊಳಗೇ ಇರುವ ಮೂಲ ತಂತ್ರಾಂಶದ್ದು). ಆಗ ಫರ್ಮ್‌ವೇರ್ ನವೀಕರಿಸಿ, ಕರ್ನಲ್‌ನ 'ರೀಬೂಟ್' ನಿಯತಾಂಕವನ್ನು ಇಎಫ್‌ಐ, ಎಸಿಪಿಐ ಅಥವಾ ಪಿಸಿಐ ಎಂದು ಬದಲಿಸಿ ನೋಡಬೇಕು.

ಬೇರೆ ದಾರಿಯೇ ಇಲ್ಲದಾಗಲೂ ವಿದ್ಯುತ್ ಕಡಿಯುವುದಕ್ಕಿಂತ ಮ್ಯಾಜಿಕ್ ಸಿಸ್‌ರಿಕ್ವೆಸ್ಟ್ (ಕೀಲಿ ಒತ್ತಿ ಕರ್ನಲ್‌ಗೆ ನೇರ ಆದೇಶ ಕೊಡುವ ಸೌಲಭ್ಯ) ಮೇಲು: 'ಎಸ್' ಬಾಕಿ ದತ್ತಾಂಶವನ್ನು ಡಿಸ್ಕ್‌ಗೆ ಇಳಿಸಲು ಯತ್ನಿಸುತ್ತದೆ, 'ಯು' ಕಡತವ್ಯವಸ್ಥೆಗಳನ್ನು ಓದಲು ಮಾತ್ರ ಎಂಬ ಸ್ಥಿತಿಗೆ ತರುತ್ತದೆ, 'ಬಿ' ತಕ್ಷಣ ರೀಬೂಟ್ ಮಾಡುತ್ತದೆ. ಅದಕ್ಕೂ ಮೊದಲು 'ಡಬ್ಲ್ಯೂ' ಒತ್ತಿದರೆ ಸಿಕ್ಕಿಕೊಂಡಿರುವ ಪ್ರಕ್ರಿಯೆಗಳ ಪಟ್ಟಿಯೇ ಪರದೆಗೆ ಬರುತ್ತದೆ. ಹಲವು ಲಿನಕ್ಸ್ ವಿತರಣೆಗಳಲ್ಲಿ ಈ ಸೌಲಭ್ಯಕ್ಕೆ ಮಿತಿ ಹಾಕಿರುವುದರಿಂದ, ಬೇಕಾದ ಅನುಮತಿಯನ್ನು ಮೊದಲೇ ಕೊಟ್ಟಿರಬೇಕು.

ನಮ್ಮ ಸರ್ವರ್‌ಗೆ ಇದಾವುದೂ ಬೇಕಾಗಲಿಲ್ಲ. ಬಟನ್ ಮೇಲೆ ಕೈಯಿಟ್ಟಿದ್ದ ಸಹೋದ್ಯೋಗಿಯನ್ನು ತಡೆದು, ಸ್ಟೋರೇಜ್ ಯಂತ್ರವನ್ನು ಮತ್ತೆ ಹೊತ್ತಿಸಿದೆವು. ಅದು ಮೇಲೆದ್ದು ಉತ್ತರಿಸತೊಡಗಿದ ಸ್ವಲ್ಪ ಹೊತ್ತಿಗೆ ಬಾಕಿ ಬರಹಗಳು ಮುಗಿದವು, ನಕ್ಷತ್ರಗಳು ಮಾಯವಾದವು, ಮೌಂಟ್ ಕಳಚಿತು, ಸರ್ವರ್ ತಾನಾಗಿಯೇ ರೀಬೂಟ್ ಆಯಿತು. ಆ ಸೇವೆಗೆ ಈಗ 15 ನಿಮಿಷಗಳ ಮಿತಿ ಹಾಕಿದ್ದೇವೆ.